ಝುಲುಗಳಿಗೂ ಒಂದು ಕುರ್ಚಿ ಹಾಕಿ

ಸಿನಿಮಾ ನೋಡಿ ಯುದ್ಧದ ಆಟ ಕಟ್ಟುವವರ ಮೇಲೆ ನನ್ನದೊಂದು ತಕರಾರಿದೆ. ಆಡಬೇಡಿ ಅಂತ ಹೇಳುತ್ತಿಲ್ಲ. ಆಡಿ, ಚೆನ್ನಾಗಿಯೇ ಆಡಿ. ಆದರೆ ಸಾವಿರಾರು ಜನ ಓಡಾಡುವ ಹಾಲ್‌ನಲ್ಲಿ ಮೇಜು ಹಾಕಿ, "ಬನ್ನಿ, ಯಾರು ಬೇಕಾದರೂ ಆಡಬಹುದು" ಅಂತ ಕರೆದು, ಒಂದು ಕಡೆಯವರನ್ನು ಮಾತ್ರ ಮನುಷ್ಯರನ್ನಾಗಿ ಮಾಡಿ ಇನ್ನೊಂದು ಕಡೆಯವರನ್ನು ಮಿಡತೆ ಹಿಂಡು ಮಾಡುತ್ತೀರಲ್ಲ, ಅದನ್ನು ಬಿಡಿ.

ಯಾವ ಆಟ, ಯಾವ ಸಿನಿಮಾ ಅಂತ ಹೇಳದೆ ಬೈದರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಅದಕ್ಕೆ ಮೊದಲಿಂದ ಹೇಳುತ್ತೇನೆ.

ಇಂಗ್ಲೆಂಡ್, ಅಮೆರಿಕದಲ್ಲಿ ಗೊಂಬೆ ಸೈನಿಕರನ್ನಿಟ್ಟು ಯುದ್ಧ ಆಡುವ ದೊಡ್ಡ ಹವ್ಯಾಸವೇ ಇದೆ. ವಾರ್‌ಗೇಮ್ ಅಂತಾರೆ. ಗೊಂಬೆ ಅಂದರೆ ದಸರಾ ಗೊಂಬೆಯಷ್ಟು ದೊಡ್ಡದಲ್ಲ. ಹೆಚ್ಚಾಗಿ 28 ಮಿಲಿಮೀಟರ್, ನಿಮ್ಮ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಅದಕ್ಕೆ ಕಣ್ಣು, ಗುಂಡಿ, ಬೆಲ್ಟು ಸಮೇತ ಬಣ್ಣ ಹಚ್ಚುತ್ತಾರೆ. ಆರಡಿ ಉದ್ದ ನಾಲ್ಕಡಿ ಅಗಲದ ಮೇಜಿನ ಮೇಲೆ ಗುಡ್ಡ, ಹೊಳೆ, ಮನೆ ಮಾಡಿ ಸೈನಿಕರನ್ನು ನಿಲ್ಲಿಸುತ್ತಾರೆ. ಟೇಪು ಹಿಡಿದು ಇಂಚು ಲೆಕ್ಕದಲ್ಲಿ ನಡೆಸುತ್ತಾರೆ. ಗುಂಡು ತಾಗಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲೇ 'ಲಿಟಲ್ ವಾರ್ಸ್' ಅಂತ ಇದಕ್ಕೊಂದು ನಿಯಮದ ಪುಸ್ತಕ ಬರೆದ. ನಿಜವಾದ ಯುದ್ಧಕ್ಕಿಂತ ಈ ಆಟ ಎಷ್ಟೋ ಮೇಲು ಅಂತ ಅದೇ ಪುಸ್ತಕದಲ್ಲಿ ವಾದಿಸಿದ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು, ಅದು ಬೇರೆ ಮಾತು.

ಈ ಹವ್ಯಾಸಕ್ಕೆ ಜಾತ್ರೆಗಳೂ ಇವೆ. ಲಂಡನ್ನಿನಲ್ಲಿ 'ಸಲ್ಯೂಟ್' ಅಂತ ಒಂದು ನಡೆಯುತ್ತದೆ. ಸೌತ್ ಲಂಡನ್ ವಾರ್‌ಲಾರ್ಡ್ಸ್ ಅನ್ನೋ ಕ್ಲಬ್ 1972ರಲ್ಲಿ ಶುರು ಮಾಡಿದ್ದು. ಒಂದೇ ದಿನದ ಮೇಳ. ಗೊಂಬೆ ಮಾರುವ ಅಂಗಡಿ ಸಾಲು ಒಂದು ಕಡೆ, ಕ್ಲಬ್ಬುಗಳು ಹಾಕಿದ ಆಟದ ಮೇಜುಗಳು ಇನ್ನೊಂದು ಕಡೆ. ಕೆಲವು ಮೇಜು ಬರೀ ನೋಡೋಕೆ. ಕೆಲವು ಮಾತ್ರ ದಾರಿಯಲ್ಲಿ ಹೋಗುವವರನ್ನೂ ಕರೆದು ಆಡಿಸುವಂಥವು. ನಿಯಮ ಗೊತ್ತಿಲ್ಲದ ಹತ್ತು ವರ್ಷದ ಹುಡುಗನೂ ಅರ್ಧ ಗಂಟೆಯಲ್ಲಿ ಆಡಿ ಎದ್ದು ಹೋಗಬೇಕು, ಹಾಗೆ ಕಟ್ಟಿರುತ್ತಾರೆ. ಇದು ಸುಲಭದ ಕೆಲಸವಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ನಿಂತು, ಬಂದ ಪ್ರತಿ ಗುಂಪಿಗೂ ಅದೇ ನಿಯಮವನ್ನು ಅದೇ ಉತ್ಸಾಹದಲ್ಲಿ ಹೇಳಬೇಕು. ಆ ಶ್ರಮದ ಬಗ್ಗೆ ನನಗೆ ಗೌರವವಿದೆ.

ಇಂಥ ಮೇಜಿಗೆ ಸಿನಿಮಾ ಕಥೆ ಇಡುವುದರಲ್ಲಿ ಜಾಣತನವಿದೆ. ಇತಿಹಾಸ ಓದದವನಿಗೂ ಸಿನಿಮಾ ಗೊತ್ತಿರುತ್ತದೆ. "ಅದೇ ಸಿನಿಮಾ ಸಾರ್" ಅಂದರೆ ಸಾಕು, ಯಾರು ಎಲ್ಲಿದ್ದಾರೆ, ಏನಾಗಬೇಕು ಅಂತ ಅರ್ಧ ಪಾಠ ಮುಗಿಯಿತು. ಹಾಗೆ ಮತ್ತೆ ಮತ್ತೆ ಮೇಜಿಗೆ ಬರುವ ಸಿನಿಮಾ 'ಝುಲು'. 1964ರದ್ದು. ಸೈ ಎಂಡ್‌ಫೀಲ್ಡ್ ನಿರ್ದೇಶನ, ಸ್ಟ್ಯಾನ್ಲಿ ಬೇಕರ್ ನಾಯಕ, ಮೈಕೇಲ್ ಕೇನ್‌ಗೆ ಹೆಸರು ತಂದ ಮೊದಲ ದೊಡ್ಡ ಪಾತ್ರ. ದಕ್ಷಿಣ ಆಫ್ರಿಕಾದ ರೋರ್ಕ್ಸ್ ಡ್ರಿಫ್ಟ್ ಅನ್ನೋ ಜಾಗದಲ್ಲಿ 1879ರ ಜನವರಿ 22ರ ಸಂಜೆಯಿಂದ 23ರ ನಸುಕಿನವರೆಗೆ ನಡೆದ ಕಾಳಗದ ಕಥೆ.

ಕಥೆಯೇನೋ ಮೇಜಿಗೆ ಹೇಳಿ ಮಾಡಿಸಿದ್ದು. ಒಳಗೆ ಸುಮಾರು 150 ಜನ. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಜನ ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗಳು. ಹೊರಗೆ ಮೂರರಿಂದ ನಾಲ್ಕು ಸಾವಿರ ಝುಲು ಯೋಧರು. ಕೋಟೆ ಅಂದರೆ ಕಲ್ಲಿನ ಕೋಟೆಯಲ್ಲ, ಮೆಕ್ಕೆಜೋಳದ ಚೀಲ ಮತ್ತು ಬಿಸ್ಕತ್ ಪೆಟ್ಟಿಗೆ ಪೇರಿಸಿ ಅವಸರದಲ್ಲಿ ಎಬ್ಬಿಸಿದ ಗೋಡೆ. ನಮ್ಮ ಎಪಿಎಂಸಿ ಅಂಗಳದಲ್ಲಿ ಚೀಲ ಒಟ್ಟುತ್ತಾರಲ್ಲ, ಅದನ್ನೇ ಎದೆ ಮಟ್ಟಕ್ಕೆ ಕಲ್ಪಿಸಿಕೊಳ್ಳಿ. ಆಸ್ಪತ್ರೆಗೆ ಹುಲ್ಲಿನ ಮಾಡು, ಅದಕ್ಕೆ ಬೆಂಕಿ ಬಿತ್ತು. ರಾತ್ರಿಯೆಲ್ಲ ಕಾದಾಡಿ ಒಳಗಿದ್ದವರು ಉಳಿದರು. 11 ಜನರಿಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು.

ಇನ್ನು ಮೇಜಿನ ಹತ್ತಿರ ಬನ್ನಿ. ಸಾರ್ವಜನಿಕ ಮೇಳದಲ್ಲಿ ಈ ಆಟವನ್ನು ನಡೆಸುವ ಸುಲಭದ ದಾರಿ ಹೀಗಿದೆ. ಬಂದವರಿಗೆಲ್ಲ ಕೆಂಪಂಗಿ ಸೈನಿಕರನ್ನು ಹಂಚುವುದು. ಒಬ್ಬನಿಗೆ ಆಸ್ಪತ್ರೆ, ಒಬ್ಬನಿಗೆ ಚೀಲದ ಗೋಡೆ, ಒಬ್ಬನಿಗೆ ಉಗ್ರಾಣ. ಪ್ರತಿ ಗೊಂಬೆಗೂ ಒಂದು ಹೆಸರು, ಒಂದು ಕಾರ್ಡು. ಝುಲುಗಳನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಅವರನ್ನು ದಾಳವೋ ಕಾರ್ಡೋ ನಡೆಸುತ್ತದೆ. ಅಂಪೈರ್ ದಾಳ ಎಸೆದು, "ಈ ಸಲ ಉತ್ತರದಿಂದ ಬಂದರು" ಅಂತ ಒಂದು ಹಿಂಡು ಮುಂದಕ್ಕೆ ತಳ್ಳುತ್ತಾನೆ. ಗುಂಡಿಗೆ ಬಿದ್ದ ಝುಲು ಗೊಂಬೆಗಳನ್ನು ಎತ್ತಿ ಮತ್ತೆ ಮೇಜಿನ ಅಂಚಿನಲ್ಲಿ ನಿಲ್ಲಿಸುತ್ತಾನೆ. ಅವೇ ಗೊಂಬೆ, ಹೊಸ ಅಲೆ.

ಹೀಗೆ ಯಾಕೆ ಮಾಡುತ್ತಾರೆ ಅನ್ನೋದು ಅರ್ಥವಾಗುತ್ತದೆ. ನಾಲ್ಕು ಸಾವಿರ ಗೊಂಬೆಗೆ ಬಣ್ಣ ಹಚ್ಚುವಷ್ಟರಲ್ಲಿ ಮನುಷ್ಯನ ಅರ್ಧ ಆಯುಷ್ಯ ಮುಗಿಯುತ್ತದೆ. ಇನ್ನೂರು ಮುನ್ನೂರನ್ನೇ ತಿರುಗಿಸಿ ತಿರುಗಿಸಿ ಬಳಸಬೇಕು. ಜೊತೆಗೆ ಆಡಲು ಬಂದವರೆಲ್ಲ ಒಂದೇ ಪಕ್ಷ ಆದರೆ ಜಗಳವಿಲ್ಲ, ಅಪರಿಚಿತರೂ ಬೇಗ ಸ್ನೇಹಿತರಾಗುತ್ತಾರೆ.

ಆದರೆ ಫಲಿತಾಂಶ ನೋಡಿ. ಬ್ರಿಟಿಷ್ ಗೊಂಬೆ ಸತ್ತರೆ ಅದು ಸತ್ತಿತು, ಹೆಸರು ಸಮೇತ ಸತ್ತಿತು. ಅದರ ಕಾರ್ಡನ್ನು ಮಗುಚಿ ಇಡುತ್ತಾರೆ, ಸುತ್ತ ನಿಂತವರು "ಛೆ" ಅನ್ನುತ್ತಾರೆ. ಝುಲು ಗೊಂಬೆ ಸಾಯುವುದೇ ಇಲ್ಲ. ಲೆಕ್ಕಕ್ಕೇ ಬರುವುದಿಲ್ಲ. ನಿಜವಾದ ರೋರ್ಕ್ಸ್ ಡ್ರಿಫ್ಟ್‌ನಲ್ಲಿ ಬ್ರಿಟಿಷರ ಕಡೆ 17 ಜನ ಸತ್ತರು. ಝುಲುಗಳ ಹೆಣ, ಬ್ರಿಟಿಷ್ ಅಧಿಕಾರಿಯೇ ಎಣಿಸಿ ಬರೆದದ್ದು, 351. ಗಾಯಗೊಂಡು ದೂರದಲ್ಲಿ ಹೋಗಿ ಸತ್ತವರು ಬೇರೆ. ಮೇಜಿನ ಮೇಲೆ ಆ 351 ಎಲ್ಲಿ ಹೋಯಿತು? ಮತ್ತೆ ಅಂಚಿಗೆ ಹೋಗಿ ನಿಂತಿತು.

ಫೋನಿನಲ್ಲಿ ಝೋಂಬಿ ಸಾಯಿಸುವ ಆಟ ಆಡಿದವರಿಗೆ ಇದು ಗೊತ್ತು. ಎದುರಿಂದ ಬರುವುದು ಬರುತ್ತಲೇ ಇರುತ್ತದೆ, ನೀವು ಹೊಡೆಯುತ್ತಲೇ ಇರುತ್ತೀರಿ. ಝೋಂಬಿಗೆ ಊರಿಲ್ಲ, ಮನೆಯಿಲ್ಲ, ಹೊಡೆಯಿರಿ. ಝುಲುಗಳಿಗೆ ಊರಿತ್ತು. ಆ ಜಾಗಕ್ಕೂ ಅವರದೇ ಹೆಸರಿತ್ತು, ಕ್ವಾಜಿಮು. ಅಲ್ಲಿ ಅಂಗಡಿ ಇಟ್ಟಿದ್ದ ಜೇಮ್ಸ್ ರೋರ್ಕ್ ಅನ್ನುವವನನ್ನು ಅವರು ಜಿಮ್ ಅಂತ ಕರೆದು, ಜಿಮ್ಮನ ಜಾಗ ಅಂತ ಇಟ್ಟ ಹೆಸರು.

ಅವತ್ತು ಅಲ್ಲಿಗೆ ಬಂದವರು ಯಾರು? ಸಂಬಳದ ಸೈನಿಕರಲ್ಲ. ವಯಸ್ಸಿನ ಲೆಕ್ಕದಲ್ಲಿ ಒಂದೊಂದು ಪಡೆಗೆ ಸೇರಿ, ರಾಜ ಕರೆದಾಗ ಈಟಿ ಹಿಡಿದು, ಉಳಿದ ದಿನ ದನಕರು, ಹೊಲ ನೋಡಿಕೊಂಡಿದ್ದ ಜನ. ದನದ ಚರ್ಮದ ಗುರಾಣಿಯ ಬಣ್ಣವೇ ಪಡೆಯ ಗುರುತು. ಉಥುಲ್ವಾನಾ, ಉಡ್ಲೋಕೊ, ಇನ್‌ಡ್ಲೊಂಡ್ಲೊ ಅಂತ ಮೂರು ಹಿರಿಯರ ಪಡೆ, ಇನ್‌ಡ್ಲುಯೆಂಗ್ವೆ ಅಂತ ಒಂದು ಕಿರಿಯರ ಪಡೆ. ಉಥುಲ್ವಾನಾದಲ್ಲಿ ಮದುವೆಯಾಗಿ ಮಕ್ಕಳಿದ್ದ ನಡುವಯಸ್ಸಿನವರೇ ಇದ್ದರು. ಸಿನಿಮಾದಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ. ಮೇಜಿನ ಮೇಲೂ ಹಾಗೇ.

ಅವತ್ತು ಮಧ್ಯಾಹ್ನ ಇಸಾಂಡ್ಲ್ವಾನಾದಲ್ಲಿ ಝುಲುಗಳ ಮುಖ್ಯ ಸೈನ್ಯ ಬ್ರಿಟಿಷ್ ಶಿಬಿರವನ್ನೇ ಮುಗಿಸಿತ್ತು. ಬ್ರಿಟಿಷರ ಕಡೆ 1300ಕ್ಕೂ ಹೆಚ್ಚು ಜನ ಸತ್ತಿದ್ದರು, ಅದರಲ್ಲಿ ಅವರ ಪರ ನಿಂತ ಆಫ್ರಿಕನ್ನರೂ ನೂರಾರು. ಈ ನಾಲ್ಕು ಪಡೆಗಳಿಗೆ ಮಾತ್ರ ಆ ದೊಡ್ಡ ಗೆಲುವಿನಲ್ಲಿ ಪಾಲು ಸಿಗಲಿಲ್ಲ, ಅವು ಹಿಂದೆ ಕಾಯ್ದಿಟ್ಟ ದಂಡು. ನಾಯಕ ದಬುಲಮಾಂಝಿ, ರಾಜ ಕೆಚ್‌ವಾಯೊನ ಮಲತಾಯಿ ಮಗ. ಗಡಿ ಹೊಳೆ ದಾಟಿ ನಟಾಲ್ ಒಳಗೆ ಹೋಗಬೇಡಿ ಅಂತ ರಾಜ ಹೇಳಿದ್ದ. ಇವನು ದಾಟಿದ. ಬರಿಗೈಯಲ್ಲಿ ಊರಿಗೆ ಹೋದರೆ ಹೆಂಗಸರು ನಗುತ್ತಾರೆ ಅನ್ನುವ ಮಾತು ಆ ದಂಡಿನಲ್ಲಿ ಎದ್ದಿರಬಹುದು ಅಂತ ನನ್ನ ಊಹೆ, ಯಾವ ಊರಿನಲ್ಲೂ ಗಂಡಸರು ಹಾಗೇ.

ಈಗ ನೀವೇ ಹೇಳಿ, ಆಟಕ್ಕೆ ಬೇಕಾದ ಪೇಚು ಯಾವ ಕಡೆ ಇದೆ? ಚೀಲದ ಹಿಂದೆ ನಿಂತವನಿಗೆ ಆಯ್ಕೆಯೇ ಇಲ್ಲ, ಅವನು ಗುಂಡು ಹಾರಿಸಬೇಕು ಅಷ್ಟೆ. ಆಯ್ಕೆ ಇರುವುದು ದಬುಲಮಾಂಝಿಗೆ. ರಾಜನ ಮಾತು ಮೀರಿದ್ದಾನೆ. ಜನ ಬೆಳಗಿನಿಂದ ಗುಡ್ಡ ಹತ್ತಿ ಹೊಳೆ ದಾಟಿ ದಣಿದಿದ್ದಾರೆ. ಕೈಯಲ್ಲಿ ಹಳೇ ಕೋವಿಗಳಿವೆ, ಹಿಂದಿನ ಶಿಯಾನೆ ಗುಡ್ಡದ ಮೇಲಿಂದ ಹೊಡೆಯಬಹುದು, ಆದರೆ ಗುರಿ ಸರಿ ಕೂರುವುದಿಲ್ಲ. ಎಷ್ಟು ಜನರನ್ನು ಕಳೆದುಕೊಂಡರೆ ಸಾಕು ಅಂತ ನಿಲ್ಲಿಸಬೇಕು? ನಿಲ್ಲಿಸಿದರೆ ರಾಜನಿಗೆ ಏನು ಹೇಳಬೇಕು? ಇಷ್ಟು ಒಳ್ಳೆಯ ಪಾತ್ರವನ್ನು ದಾಳದ ಕೈಗೆ ಕೊಟ್ಟು ಕೂರುವುದು ಆಟ ಕಟ್ಟುವವನ ಸೋಮಾರಿತನ.

ನಮ್ಮ ಬಯಲಾಟ ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ರಾಕ್ಷಸ ವೇಷ ಬರುವ ಹೊತ್ತಿಗೆ ಮಲಗಿದ್ದ ಮಕ್ಕಳೂ ಎದ್ದು ಕೂರುತ್ತಾರೆ. ಅವನಿಗೆ ದೊಡ್ಡ ಪ್ರವೇಶ ಇರುತ್ತದೆ, ಕುಣಿತ ಇರುತ್ತದೆ, ತಾನು ಯಾರು, ಯಾಕೆ ಬಂದೆ ಅಂತ ಮಾತಾಡುವ ಹಕ್ಕಿರುತ್ತದೆ. ಕೊನೆಗೆ ಸಾಯುತ್ತಾನೆ, ಆದರೆ ತನ್ನ ಮಾತು ಆಡಿ ಸಾಯುತ್ತಾನೆ. ರನ್ನನ ಕೈಯಲ್ಲಿ ದುರ್ಯೋಧನ ಏನಾದ ಅನ್ನೋದು ಪಿಯುಸಿ ಓದಿದವರಿಗೆಲ್ಲ ಗೊತ್ತು. ಚದುರಂಗದಲ್ಲೂ ನೋಡಿ, ಎರಡೂ ಕಡೆ ರಾಜನಿದ್ದಾನೆ, ಎರಡೂ ಕಡೆ ಒಬ್ಬ ಕೂತು ಯೋಚಿಸುತ್ತಾನೆ. ವೆಲ್ಸ್‌ನ ಪುಸ್ತಕದಲ್ಲೂ ಕೆಂಪು ದಂಡಿಗೊಬ್ಬ, ನೀಲಿ ದಂಡಿಗೊಬ್ಬ ಆಟಗಾರ. ಆಫ್ರಿಕಾದ ಮನುಷ್ಯ ಮೇಜಿಗೆ ಬಂದಾಗ ಮಾತ್ರ ಈ ಮರ್ಯಾದೆ ತಪ್ಪಿಹೋಗಬಾರದು.

ಇದಕ್ಕೆ ಬರುವ ಮೊದಲ ಉತ್ತರ, "ನಾವು ಇತಿಹಾಸ ಆಡುತ್ತಿಲ್ಲ, ಸಿನಿಮಾ ಆಡುತ್ತಿದ್ದೇವೆ." ಸರಿ, ಸಿನಿಮಾವನ್ನೇ ನೋಡೋಣ. ಆ ಸಿನಿಮಾದಲ್ಲಿ ಕೆಚ್‌ವಾಯೊನ ಪಾತ್ರ ಮಾಡಿದ್ದು ಮಾಂಗೊಸುಥು ಬುಥೆಲೆಝಿ. ಆ ರಾಜನ ಸ್ವಂತ ಮರಿಮಗನ ಪೀಳಿಗೆಯವನು, ಮುಂದೆ ದಕ್ಷಿಣ ಆಫ್ರಿಕಾದ ಗೃಹ ಮಂತ್ರಿಯಾದವನು. ನಿರ್ದೇಶಕ ಎಂಡ್‌ಫೀಲ್ಡ್ ಎಡಪಂಥೀಯ ಅನ್ನುವ ಕಾರಣಕ್ಕೆ ಹಾಲಿವುಡ್ಡಿನಲ್ಲಿ ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಬಂದವನು. ಅವರು ಝುಲುಗಳನ್ನು ತುಚ್ಛವಾಗಿ ತೋರಿಸಲು ಹೊರಟವರಲ್ಲ. ಸಿನಿಮಾದ ಝುಲುಗಳಿಗೆ ಯುದ್ಧದ ಲೆಕ್ಕಾಚಾರವಿದೆ, ಹಾಡಿದೆ, ಗಾಂಭೀರ್ಯವಿದೆ. ದಾಳದ ಹಿಂಡಿಗೆ ಅಷ್ಟೂ ಇಲ್ಲ. ಅಂದರೆ ಮೇಜು ಸಿನಿಮಾಕ್ಕಿಂತಲೂ ಕೆಳಗೆ ಇಳಿದಿದೆ.

ಇನ್ನು ಸಿನಿಮಾದ ಸುಳ್ಳುಗಳು. ಕೊನೆಯಲ್ಲಿ ಝುಲುಗಳು ಗುಡ್ಡದ ಮೇಲೆ ನಿಂತು ಬ್ರಿಟಿಷರಿಗೆ ವಂದನೆಯ ಹಾಡು ಹೇಳಿ ಹೋಗುತ್ತಾರೆ. ಹಾಗೆ ನಡೆಯಲೇ ಇಲ್ಲ. ಬೆಳಗ್ಗೆ ಅವರು ಗುಡ್ಡದ ಮೇಲೆ ಕಾಣಿಸಿಕೊಂಡದ್ದು ನಿಜ, ದೂರದಲ್ಲಿ ಬ್ರಿಟಿಷರ ಇನ್ನೊಂದು ದಂಡು ಬರುತ್ತಿತ್ತು, ಹೊರಟುಹೋದರು. ನಡೆದದ್ದನ್ನು ಸಿನಿಮಾ ತೋರಿಸುವುದಿಲ್ಲ: ಕಾಳಗ ಮುಗಿದ ಮೇಲೆ ಅಂಗಳದಲ್ಲಿ ಬಿದ್ದಿದ್ದ ಗಾಯಾಳು ಝುಲುಗಳನ್ನು ಕೊಂದರು. ಬ್ರಿಟಿಷರನ್ನೂ ಸಿನಿಮಾ ಬಿಟ್ಟಿಲ್ಲ. ವಿಕ್ಟೋರಿಯಾ ಕ್ರಾಸ್ ಪಡೆದ ಹೆನ್ರಿ ಹುಕ್‌ನನ್ನು ಕುಡುಕ, ಕೆಲಸಗಳ್ಳ ಮಾಡಿತು. ನಿಜವಾದ ಹುಕ್ ಹೆಂಡ ಮುಟ್ಟದ ಮನುಷ್ಯ. ಸಿನಿಮಾ ನೋಡಿಕೊಂಡೇ ಗೊಂಬೆಯ ಕಾರ್ಡು ಬರೆದರೆ ಆ ಬಡಪಾಯಿ ಮೇಜಿನ ಮೇಲೂ ಕುಡುಕನೇ.

ಇನ್ನೊಂದು ವಿಷಯ ಕೇಳಿ. ಸಿನಿಮಾ ಚಿತ್ರೀಕರಣವಾದದ್ದು ದಕ್ಷಿಣ ಆಫ್ರಿಕಾದಲ್ಲೇ, ವರ್ಣಭೇದದ ಕಾಲದಲ್ಲಿ. ಬಿಡುಗಡೆಯಾದಾಗ ಅಲ್ಲಿನ ಕರಿಯ ಜನ ಅದನ್ನು ಥಿಯೇಟರಿನಲ್ಲಿ ನೋಡುವ ಹಾಗಿರಲಿಲ್ಲ. ಕರಿಯರು ಬಿಳಿಯರನ್ನು ಕೊಲ್ಲುವ ದೃಶ್ಯ ಜನರನ್ನು ಕೆರಳಿಸೀತು ಅಂತ ಸರ್ಕಾರಕ್ಕೆ ಭಯ. ನಟಿಸಿದ ಝುಲುಗಳಿಗೆ ಅಂತ ಬೇರೆಯಾಗಿ ಕೆಲವು ಪ್ರದರ್ಶನ ಇಟ್ಟರು ಅಷ್ಟೆ. ಸಿನಿಮಾ ನೋಡುವ ಕುರ್ಚಿ ಸಿಗದ ಜನರಿಗೆ ಅರವತ್ತು ವರ್ಷ ಕಳೆದ ಮೇಲೂ ಆಟದ ಕುರ್ಚಿ ಇಲ್ಲ ಅಂದರೆ ಏನು ಹೇಳೋಣ?

ಎರಡನೆಯ ಉತ್ತರ, "ಬಂದವರೆಲ್ಲ ಕೆಂಪಂಗಿಯನ್ನೇ ಕೇಳುತ್ತಾರೆ." ಕೇಳುತ್ತಾರೆ, ಯಾಕೆಂದರೆ ನೀವು ಅವರಿಗೆ ಮಾತ್ರ ಹೆಸರು ಕೊಟ್ಟಿದ್ದೀರಿ. ಮಕ್ಕಳ ಮುಂದೆ ಒಂದು ಕಡೆ ನಾಯಕ, ಪದಕ, ಬಂದೂಕು; ಇನ್ನೊಂದು ಕಡೆ ಕಂದು ಬಣ್ಣದ ರಾಶಿ ಇಟ್ಟರೆ ಯಾವ ಮಗು ರಾಶಿಯನ್ನು ಕೇಳುತ್ತದೆ? ಗುರಾಣಿಯ ಬಣ್ಣ ಬೇರೆ ಬೇರೆ ಮಾಡಿ, ಪಡೆಗೆ ಹೆಸರು ಹಾಕಿ, ನಾಯಕನಿಗೆ ಕಾರ್ಡು ಕೊಡಿ, ಆಮೇಲೆ ನೋಡಿ. ಎರಡು ಕಡೆ ಆಟಗಾರರಿದ್ದರೆ ಮೇಳದಲ್ಲಿ ಆಟ ನಡೆಯುವುದಿಲ್ಲ ಅನ್ನುವುದೂ ಸುಳ್ಳು. ಅಮೆರಿಕದ ಲ್ಯಾರಿ ಬ್ರಾಮ್ 1979ರಲ್ಲಿ ತಂದ 'ದಿ ಸ್ವೋರ್ಡ್ ಅಂಡ್ ದಿ ಫ್ಲೇಮ್' ಅನ್ನುವ ನಿಯಮದಲ್ಲಿ ಇಸ್ಪೀಟು ಎಲೆ ಎಳೆಯುತ್ತಾರೆ. ಕೆಂಪು ಎಲೆ ಬಂದರೆ ಬ್ರಿಟಿಷರ ಒಂದು ತುಕಡಿ ನಡೆಯುತ್ತದೆ, ಕಪ್ಪು ಬಂದರೆ ಎದುರಾಳಿಯದು. ಮುಂದೆ ಯಾರ ಸರದಿ ಅಂತ ಯಾರಿಗೂ ಗೊತ್ತಿಲ್ಲ, ಇಡೀ ಮೇಜು ಉಸಿರು ಹಿಡಿದು ನಿಲ್ಲುತ್ತದೆ. ಅದೂ ಹಳೇ ಸಾಹಸ ಸಿನಿಮಾಗಳ ಗುಂಗಿನಲ್ಲೇ ಹುಟ್ಟಿದ ಆಟ. ಅಲ್ಲಿ ಎದುರಾಳಿಗೆ ಆಟಗಾರನಿದ್ದಾನೆ, ಆಟವೂ ನಡೆಯುತ್ತದೆ. ಒಬ್ಬನೇ ಮನೆಯಲ್ಲಿ ಕೂತು ಆಡುವವನಿಗೆ ದಾಳದ ಎದುರಾಳಿ ಬೇಕು, ಅದಕ್ಕೆ ನನ್ನ ಆಕ್ಷೇಪವಿಲ್ಲ. ಹಾಲ್ ತುಂಬ ಜನ ಇರುವಾಗ ಯಾಕೆ?

ಇನ್ನೊಂದು ಗುಂಪಿದೆ. ಅವರು ಹೇಳುವುದು, ಇಂಥ ಆಟವನ್ನೇ ನಿಷೇಧಿಸಿ, ಸಾವಿನ ಮೇಲೆ ಮೋಜು ಬೇಡ ಅಂತ. ಅವರ ಜೊತೆಗೂ ನಾನಿಲ್ಲ. ಆಟ ಇಲ್ಲದಿದ್ದರೆ ಆ ಹಾಲ್‌ಗೆ ಬಂದ ಹುಡುಗನಿಗೆ ರೋರ್ಕ್ಸ್ ಡ್ರಿಫ್ಟ್ ಸಿನಿಮಾದಷ್ಟೇ ಗೊತ್ತಿರುತ್ತದೆ. ಮೇಜಿನ ಸುತ್ತ ಓಡಾಡಿ, ಝುಲು ಕಡೆಯಿಂದ ಬಗ್ಗಿ ಆ ಚೀಲದ ಗೋಡೆ ನೋಡಿದವನಿಗೆ ಪುಸ್ತಕ ಹೇಳದ ಒಂದು ವಿಷಯ ಹೊಳೆಯುತ್ತದೆ: ಆ ಬಯಲು ದಾಟುವುದು ಎಷ್ಟು ದೂರ ಅಂತ.

"ಇಂಗ್ಲೆಂಡಿನವರ ಆಟಕ್ಕೆ ನಮಗೇನು?" ಅಂತ ಇಲ್ಲಿವರೆಗೆ ಓದಿದವರು ಕೇಳಬಹುದು. ಝುಲುಗಳ ಮೇಲೆ ಈ ಯುದ್ಧ ಹೇರಿದವನು ಯಾರು ಗೊತ್ತೇ? ಸರ್ ಬಾರ್ಟಲ್ ಫ್ರೀರ್. 1878ರ ಡಿಸೆಂಬರಿನಲ್ಲಿ, ಸೈನ್ಯ ವಿಸರ್ಜಿಸಬೇಕು ಅಂತ ರಾಜನಿಗೆ 30 ದಿನದ ಗಡುವು ಕೊಟ್ಟ. ಲಂಡನ್ ಸರ್ಕಾರಕ್ಕೇ ಆಗ ಈ ಯುದ್ಧ ಬೇಕಿರಲಿಲ್ಲ. ಇದೇ ಫ್ರೀರ್ ಅದಕ್ಕೂ ಮೊದಲು, 1862ರಿಂದ 1867ರವರೆಗೆ, ಬೊಂಬಾಯಿ ಪ್ರಾಂತ್ಯದ ಗವರ್ನರ್. ಆಗ ಧಾರವಾಡ, ಬೆಳಗಾವಿ ಆ ಪ್ರಾಂತ್ಯದಲ್ಲೇ ಇದ್ದವು. ನಮ್ಮ ಮುತ್ತಜ್ಜಂದಿರ ಕಂದಾಯ ಎಣಿಸಿದ ಕಚೇರಿಯ ಯಜಮಾನನೇ ಆ ದನಗಾಹಿಗಳಿಗೆ ಗಡುವು ಕೊಟ್ಟದ್ದು. ಸಿನಿಮಾದಲ್ಲಿ ಅವನಿಲ್ಲ. ಮೇಜಿನ ಮೇಲೂ ಅವನಿಗೆ ಗೊಂಬೆಯಿಲ್ಲ.

ಶ್ರೀರಂಗಪಟ್ಟಣವನ್ನೂ ಮೇಜಿಗೆ ತರುವವರಿದ್ದಾರೆ, ಟಿಪ್ಪುವಿನ ಹುಲಿ ಪಟ್ಟೆ ಅಂಗಿಯ ಸಿಪಾಯಿ ಗೊಂಬೆಗಳು ಮಾರಾಟಕ್ಕಿವೆ. ಬರ್ನಾರ್ಡ್ ಕಾರ್ನ್‌ವೆಲ್‌ನ 'ಶಾರ್ಪ್ಸ್ ಟೈಗರ್' ಕಾದಂಬರಿ 1997ರಲ್ಲಿ ಬಂತು, ಅದರ ಗೋರಾ ನಾಯಕ ಶಾರ್ಪ್‌ನ ಸರಣಿ ಟಿವಿಯಲ್ಲಿ ಭಾರೀ ಜನಪ್ರಿಯ. ಕಾದಂಬರಿಯಲ್ಲಿ ಟಿಪ್ಪುವನ್ನು ಕೊಲ್ಲುವುದು ಇದೇ ಶಾರ್ಪ್. 1799ರ ಮೇ 4ರಂದು ಟಿಪ್ಪುವನ್ನು ಹೊಡೆದ ಸಿಪಾಯಿಯ ಹೆಸರು ಇತಿಹಾಸಕ್ಕೇ ಗೊತ್ತಿಲ್ಲ. ಆ ಕಾಳಗವನ್ನು ಯಾರೋ ಮೇಜಿಗಿಟ್ಟು, ಕಾವೇರಿ ದಾಟುವವರಿಗೆಲ್ಲ ಹೆಸರು ಕೊಟ್ಟು, ಕೋಟೆಯ ಒಡಕಿನಲ್ಲಿ ನಿಂತವರನ್ನು ದಾಳಕ್ಕೆ ಬಿಟ್ಟರೆ ಮಂಡ್ಯದ ಹುಡುಗನೊಬ್ಬ ಆ ಹಾಲ್‌ನಲ್ಲಿ ನಿಂತು ಏನು ಮಾಡಬೇಕು? ಝುಲು ಹುಡುಗನೂ ಅದನ್ನೇ ಮಾಡುತ್ತಾನೆ. ಸುಮ್ಮನೆ ಮುಂದಿನ ಮೇಜಿಗೆ ಹೋಗುತ್ತಾನೆ.

ಬೈದು ಬಿಟ್ಟರೆ ಆಗಲಿಲ್ಲ, ಮಾಡುವುದು ಹೇಗೆ ಅಂತಲೂ ಹೇಳುತ್ತೇನೆ. ಏಳು ಜನ ಆಟಗಾರರಿದ್ದರೆ ಮೂವರನ್ನು ಝುಲು ಕಡೆ ಹಾಕಿ. ಒಬ್ಬ ದಬುಲಮಾಂಝಿ, ಒಬ್ಬ ಹಿರಿಯರ ಪಡೆ, ಒಬ್ಬ ಕಿರಿಯರ ಪಡೆ. ಮೂವರಿಗೂ ಬೇರೆ ಬೇರೆ ಗುಟ್ಟಿನ ಚೀಟಿ ಕೊಡಿ. ಕಿರಿಯರಿಗೆ ಗೋಡೆ ಮುಟ್ಟಿದರೆ ಅಂಕ. ಹಿರಿಯರಿಗೆ ಜನ ಉಳಿಸಿಕೊಂಡರೆ ಅಂಕ. ದಬುಲಮಾಂಝಿಗೆ ಯಾವಾಗ ಹಿಂದೆ ಸರಿಯಬೇಕು ಅಂತ ತೀರ್ಮಾನಿಸುವ ಹಕ್ಕು, ಸರಿಯಾದ ಹೊತ್ತಿಗೆ ಸರಿದರೆ ಅವನೂ ಗೆದ್ದ ಹಾಗೆ. ಆಗ ಝುಲು ಕಡೆಯಲ್ಲೇ ಪಿಸುಮಾತು, ಮುನಿಸು, ಚೌಕಾಸಿ ಶುರುವಾಗುತ್ತದೆ, ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಬ್ರಿಟಿಷರ ಗುಂಡಿನ ಪೆಟ್ಟಿಗೆಗೆ ಲೆಕ್ಕ ಇಡಿ. ಅವರ ಹತ್ತಿರ ಸುಮಾರು 20,000 ತೋಟಾ ಇತ್ತು, ಬೆಳಗಾಗುವಾಗ ಸಾವಿರದಷ್ಟೂ ಉಳಿದಿರಲಿಲ್ಲ. ಆ ಭಯ ಅವರ ಕಡೆಯೂ ಇರಲಿ.

ಗೊಂಬೆ ಕಡಿಮೆ ಇದ್ದರೆ ತಿರುಗಿಸಿ ಬಳಸಿ, ಬೇರೆ ದಾರಿಯಿಲ್ಲ. ಆದರೆ ಮೇಜಿನ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಒಂದು ತಟ್ಟೆ ಇಡಿ. ಗೊಂಬೆಯನ್ನು ಅಂಚಿಗೆ ಕಳಿಸುವ ಮೊದಲು ಆ ತಟ್ಟೆಗೆ ಒಂದು ಮೆಕ್ಕೆಜೋಳದ ಕಾಳು ಹಾಕಿ. ಹಾಕುವ ಕೆಲಸ ಹೊಡೆದವನದೇ. ಆಟ ಮುಗಿದ ಮೇಲೆ ಎರಡೂ ಕಡೆಯ ಕಾಳು ಎಣಿಸಿ, 17 ಮತ್ತು 351 ಅಂತ ಬರೆದ ಚೀಟಿಯ ಪಕ್ಕ ಇಡಿ. ಗಾಯಾಳುಗಳಿಗೆ ಏನಾಯಿತು ಅಂತ ಎರಡು ಸಾಲು ಹೇಳಿ, ಸಣ್ಣ ಮಕ್ಕಳಿದ್ದರೆ ಅಪ್ಪ ಅಮ್ಮನನ್ನು ಕೇಳಿ ಹೇಳಿ. ಮೇಜಿನ ಮುಂದಿನ ಬೋರ್ಡಿನಲ್ಲಿ ಸಿನಿಮಾದ ಹೆಸರು ದೊಡ್ಡದಾಗಿಯೇ ಇರಲಿ, ಜನ ಬರುವುದು ಅದಕ್ಕೇ. ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ ಕ್ವಾಜಿಮು ಅಂತಲೂ ಬರೆಯಿರಿ. ಅದೇನು ಅಂತ ಯಾರಾದರೂ ಕೇಳಿದರೆ, ಝುಲು ಕಡೆಯ ಕುರ್ಚಿ ತೋರಿಸಿ ಕೂರಿಸಿ.